ಬಾಗಿಲು ಕಾಯೋ ಸೈನಿಕನ ಕತೆ

ನಿನ್ನೆ ಮಗಳು ಹಳೆಯ ಬಾಹ್ಯಾಕಾಶ ಯುದ್ಧದ ಸಿನಿಮಾ ನೋಡುತ್ತಿದ್ದಳು. ಶತ್ರುಗಳ ಹಡಗಿನ ಬಾಗಿಲು ಕಾಯುತ್ತಿದ್ದ ಸೈನಿಕ ಗುಂಡೇಟಿಗೆ ಬಿದ್ದ, ನಾಯಕ ಅವನನ್ನು ದಾಟಿಕೊಂಡು ಓಡಿದ. ನನಗೆ ಭದ್ರಾವತಿಯ ಶಾರದತ್ತೆ ನೆನಪಾದಳು.

ನಾವು ಚಿಕ್ಕವರಿದ್ದಾಗ ಓಲ್ಡ್ ಟೌನಿನ ಮನೆಯಲ್ಲಿ ಅವಲಕ್ಕಿ ಕಲಸುತ್ತಾ ಅತ್ತೆ ಇದೇ ಕತೆಯನ್ನು ಆ ಸೈನಿಕನ ಕಡೆಯಿಂದ ಹೇಳುತ್ತಿದ್ದಳು. "ಅವನಿಗೂ ಮನೇಲಿ ಕಾಯೋರು ಇರಲ್ವೇನ್ರೋ?" ಅನ್ನುತ್ತಿದ್ದಳು. ಅವನ ಹೆಂಡತಿ, ಮಗು, ಊಟದ ಡಬ್ಬಿ ಎಲ್ಲಾ ಅವಳೇ ಹುಟ್ಟಿಸಿದ್ದು.

"ಇದೆಲ್ಲಾ ಸಿನಿಮಾದಲ್ಲಿ ಎಲ್ಲಿದೆ ಮಾರಾಯ್ತಿ?" ಅಂತ ಮಾವ ನಗುತ್ತಿದ್ದರು. ನಾವೂ ನಗುತ್ತಿದ್ದೆವು, ಯಾರೂ ಬರೆದಿಡಲಿಲ್ಲ.

ಪಾರ್ಶ್ವವಾಯು ಆದಮೇಲೆ ಅತ್ತೆಗೆ ಮಾತು ನಿಂತಿದೆ. ಇವತ್ತು ಶಿವಮೊಗ್ಗದಿಂದ ಹೋಗಿ, ನೆನಪಿದ್ದಷ್ಟು ಕತೆಯನ್ನು ಅವಳಿಗೇ ಹೇಳಿದೆ. "ಕೊನೆಗೆ ಅವನು ಮನೆ ಸೇರಿದ, ಅಲ್ವಾ ಅತ್ತೆ?" ಅಂದೆ.

ಹಾಗಲ್ಲ ಅಂತ ತಲೆಯಾಡಿಸಿದಳು. ಏನೋ ಹೇಳಲು ತುಟಿ ಅಲುಗಿತು, ಮಾತು ಹೊರಡಲಿಲ್ಲ.