ಲ್ಯಾಬಿನಲ್ಲಿ ಒಡೆದ ಕಾಯಿ

ತಿಪಟೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕಂಟ್ರೋಲ್ ಸಿಸ್ಟಮ್ಸ್ ಲ್ಯಾಬ್ ನಡೆಸುತ್ತೇನೆ. ನಡೆಸುತ್ತೇನೆ ಅನ್ನುವುದಕ್ಕೂ ಈಗ ನಾಚಿಕೆ. ಅಲ್ಲಿದ್ದ ಕಿಟ್‌ಗಳಲ್ಲಿ ಓಡುತ್ತಿದ್ದದ್ದು ಒಂದೇ: ಒಂದು ಪುಟ್ಟ ಮೋಟರು, ಅದರ ವೇಗವನ್ನು ಹಿಡಿತದಲ್ಲಿಡುವ ಒಂದು ಡಬ್ಬಿ. ಡಬ್ಬಿಯ ಗುಂಡಿಯನ್ನು ಅತಿಯಾಗಿ ತಿರುಗಿಸಿದರೆ ಮೋಟರು ಹದ ತಪ್ಪಿ, ಒಮ್ಮೆ ಜೋರಾಗಿ ಒಮ್ಮೆ ಮೆಲ್ಲಗೆ ಒದ್ದಾಡುತ್ತದೆ. ಆ ಒದ್ದಾಟ ಕೈಗೆ ತಾಗಬೇಕು. ಬೋರ್ಡಿನ ಮೇಲೆ ಎಷ್ಟು ಗೆರೆ ಎಳೆದರೂ ಅದು ತಲೆಗೆ ಹತ್ತುವುದಿಲ್ಲ.

ಹೋದ ವರ್ಷ ಮೊದಲ ಬ್ಯಾಚಿನವರು ಮುಟ್ಟಿ ನೋಡಿದ್ದರು. ಎರಡನೇ ಬ್ಯಾಚಿನ ಸರದಿ ಆಯುಧಪೂಜೆಯ ರಜೆ ಕಳೆದ ಮೇಲೆ. ಅದರಲ್ಲಿ ಹುಳಿಯಾರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಕಂಡಕಂಡಲ್ಲಿ ಕೇಳುತ್ತಿದ್ದಳು, “ಮೇಡಂ, ರಜ ಮುಗುದ್ಮೇಲೆ ನಾವೇ ಗುಂಡಿ ತಿರುಗ್ಸೋದು ತಾನೆ?”

ಪೂಜೆಯ ದಿನ ವಿಭಾಗದ ಮುಖ್ಯಸ್ಥರು ತಮ್ಮ ತೋಟದ ಕಾಯಿ ತಂದರು. “ಮಿಷನ್ನು ಓಡ್ತಾ ಇದ್ರೇ ಲಕ್ಷಣ, ಸ್ವಿಚ್ ಹಾಕಮ್ಮ” ಎಂದರು. ಸ್ವಿಚ್ ಹಾಕಿ, ಕಾಯಿ ಹೊರಗೆ ಒಡೆಯಿರಿ ಸಾರ್ ಎಂದೆ. ತೆಂಗಿನ ಸೀಮೆಯವರಿಗೆ ಕಾಯಿ ಒಡೆಯುವುದನ್ನು ಹೇಳಿಕೊಡಲು ನಾನ್ಯಾರು? ಕಿಟ್ಟಿನ ಮುಂದೆಯೇ ಅಂಗೈಯಲ್ಲಿ ಹಿಡಿದು ಮಚ್ಚಿನ ಹಿಂಬದಿಯಿಂದ ಒಂದೇಟು ಹಾಕಿದರು. ನೀರೆಲ್ಲ ಡಬ್ಬಿಯ ಗಾಳಿಕಿಂಡಿಯೊಳಕ್ಕೆ ಇಳಿಯಿತು. ಟಪ್ಪೆಂದು ಸದ್ದು, ಸುಟ್ಟ ವಾಸನೆ. ಮೋಟರು ನಿಂತಿತು.

“ತೀರ್ಥ ಬಿದ್ದಂಗಾಯ್ತು ಬುಡಮ್ಮ, ಒಣಗಿದ್ರೆ ಸರೋಯ್ತದೆ” ಎನ್ನುತ್ತ ಅವರು ಮಂಗಳಾರತಿ ಎತ್ತಿದರು. ಒಣಗಿದರೂ ಅದು ಸರಿಹೋಗಲಿಲ್ಲ, ರಿಪೇರಿಗೂ ಯಾರೂ ಕಳಿಸಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ವಿದ್ಯಾರ್ಥಿಗಳು ಯಾವ ಯಂತ್ರವನ್ನೂ ಮುಟ್ಟಕೂಡದು ಎಂದು ಗೋಡೆಗೆ ನೋಟೀಸು ಅಂಟಿಸಿದರು. ವಿದ್ಯಾರ್ಥಿಗಳು! ಎರಡನೇ ಬ್ಯಾಚು ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಮೂಡಿಸಿ ಪರೀಕ್ಷೆ ಮುಗಿಸಿತು. ಹುಳಿಯಾರಿನ ಹುಡುಗಿಗೆ ಪೂರ್ತಿ ಅಂಕ ಬಂತು. ಅವಳು ಖುಷಿಪಟ್ಟಂತೆ ನನಗೆ ಕಾಣಲಿಲ್ಲ.

ಈ ವರ್ಷವೂ ಆಯುಧಪೂಜೆ ಬಂತು. ಸತ್ತ ಕಿಟ್ಟನ್ನು ಕಪಾಟಿನಿಂದ ಇಳಿಸಿ, ಒರೆಸಿ, ಸೇವಂತಿಗೆ ಹಾರ ಹಾಕಿದರು. ಸ್ವಿಚ್ ಹಾಕು ಎಂದು ಈ ಸಲ ಯಾರೂ ಹೇಳಲಿಲ್ಲ. ಅರಿಸಿನ ಕುಂಕುಮ ಇಡಲು ಹೆಣ್ಣುಮಕ್ಕಳು ಬನ್ನಿ ಎಂದು ಮುಖ್ಯಸ್ಥರು ಕರೆದರು. ಅದೇ ಹುಡುಗಿ ಮುಂದೆ ಬಂದಳು. ಮೋಟರಿಗೆ ಬೊಟ್ಟಿಟ್ಟು, ಅದರ ಚಕ್ರವನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ ನನ್ನ ಕಡೆ ನೋಡಿದಳು.

“ಅಂತೂ ಮುಟ್ದೆ ಮೇಡಂ.”