ಮಳೆಗಾಲಕ್ಕೆ ತೋಡಿಟ್ಟ ಗುಂಡಿ

ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಒಂದು ಪದ್ಧತಿ ಇದೆ. ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮುಂಚೆ, ವಾರ್ಡಿನ ಗಂಡಸರು ಸೇರಿ ಸಮಾಧಿ ಗುಡ್ಡೆಯಲ್ಲಿ ಒಂದು ಗುಂಡಿ ತೋಡಿ ಇಡುತ್ತಾರೆ. ಯಾರೂ ಸತ್ತಿರುವುದಿಲ್ಲ. ಯಾರೂ ಸಾಯುವ ಹಾಗೆ ಮಲಗಿರುವುದೂ ಇಲ್ಲ. ಆದರೂ ತೋಡುತ್ತಾರೆ. ಕಡಬದ ಕಡೆಯ ಮಳೆ ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ. ಜೋರು ಮಳೆಯಲ್ಲಿ ತೋಡಲು ಹೊರಟರೆ ಒಂದು ಬುಟ್ಟಿ ಮಣ್ಣು ತೆಗೆಯುವಷ್ಟರಲ್ಲಿ ಎರಡು ಕೊಡ ನೀರು ತುಂಬಿರುತ್ತದೆ, ಬದಿ ಕುಸಿಯುತ್ತದೆ, ಅಲ್ಲಿ ಮನೆಯಲ್ಲಿ ಹೆಣ ಕಾಯುತ್ತಿರುತ್ತದೆ. ಹಾಗಾಗಿ ಮೊದಲೇ ತೋಡಿ, ಮೇಲೆ ಅಡಿಕೆ ಮರದ ಸಲಾಕೆ ಅಡ್ಡ ಹಾಕಿ, ಟಾರ್ಪಾಲು ಹಾಸಿ, ಅದರ ಮೇಲೆ ಮಣ್ಣು ಏರಿಸಿ ಬಿಡುತ್ತಾರೆ. ಇದು ಯಾರಿಗೆ ಎಂದು ಯಾರೂ ಕೇಳುವುದಿಲ್ಲ. ಅಂದರೆ, ತಮಾಷೆಗೆ ಎಲ್ಲರೂ ಕೇಳುತ್ತಾರೆ.

ಆ ತಮಾಷೆಯಲ್ಲಿ ಮುಂದಿರುತ್ತಿದ್ದವರು ನನ್ನ ಗಂಡ. ವಾರ್ಡಿನಲ್ಲಿ ಅವರಷ್ಟು ಎತ್ತರದ ಮನುಷ್ಯ ಇನ್ನೊಬ್ಬರಿರಲಿಲ್ಲ. ಗುಂಡಿಯ ಉದ್ದ ಸಾಕೋ ಎಂದು ನೋಡಲು ವರ್ಷವೂ ಅವರನ್ನೇ ಒಳಗಿಳಿಸಿ ಅಂಗಾತ ಮಲಗಿಸುತ್ತಿದ್ದರು. ಅವರಿಗೆ ಸಾಕಾದರೆ ಊರಲ್ಲಿ ಯಾರಿಗಾದರೂ ಸಾಕು ಎಂದು. ಮನೆಗೆ ಬರುವಾಗ ಬೆನ್ನೆಲ್ಲ ಕೆಂಪು ಮಣ್ಣು. "ಈ ಸಲ ಒಳ್ಳೆ ತಂಪು ಉಂಟು ಮಾರಾಯ್ತಿ, ಸಣ್ಣ ನಿದ್ದೆಯೇ ಬಂತು," ಎನ್ನುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. "ಹಾಗಾದ್ರೆ ಅಲ್ಲೇ ಇರಿ, ಇಲ್ಲಿ ಅಂಗಿ ಒಗೀಲಿಕ್ಕೆ ನನ್ನಿಂದ ಆಗುದಿಲ್ಲ," ಎನ್ನುತ್ತಿದ್ದೆ. ಅವರು ನಗುತ್ತಿದ್ದರು, ಪಕ್ಕದಲ್ಲಿ ಕೂತ ಅತ್ತೆಯೂ ನಗುತ್ತಿದ್ದರು. ಅತ್ತೆಗೆ ಮಗ ಹೇಳಿದ್ದೆಲ್ಲ ನಗುವಂಥದ್ದೇ.

ಅವರು ಲೈನ್‌ಮ್ಯಾನ್ ಆಗಿದ್ದವರು. ಗುತ್ತಿಗಾರಿನ ಕಾಡಂಚಿನಲ್ಲಿ ಮರ ಬಿದ್ದು ತಂತಿ ಹರಿದರೆ ಗಾಳಿಮಳೆಯಲ್ಲೇ ಕಂಬ ಹತ್ತಬೇಕು. ಮದುವೆಯಾದಂದಿನಿಂದ ನಾನು ಪ್ರತಿ ಮಳೆಗಾಲ ಜೀವ ಕೈಯಲ್ಲಿ ಹಿಡಿದುಕೊಂಡೇ ಕಳೆದವಳು. ಬೆಳ್ಳಾರೆಯ ಶಾಲೆಯಲ್ಲಿ ಪಾಠ ಮಾಡುವಾಗ ಕರೆಂಟು ಹೋದರೆ ಮಕ್ಕಳಿಗೆ ಖುಷಿ, ನನಗೆ ಎದೆ ಡವಡವ. ಅಷ್ಟೂ ಹೆದರಿಕೆ ದಂಡವಾಯಿತು. ಜುಲೈ ತಿಂಗಳ ಒಂದು ಭಾನುವಾರ ಪೂಜೆ ಮುಗಿಸಿ ಬಂದು ಚಾ ಕುಡಿಯುತ್ತ ಕೂತವರು ಹಾಗೇ ಗೋಡೆಗೆ ಒರಗಿದರು. ಪುತ್ತೂರಿನ ಆಸ್ಪತ್ರೆಗೆ ಮುಟ್ಟುವಾಗ ಎಲ್ಲ ಮುಗಿದಿತ್ತು. ಆ ಮೇ ತಿಂಗಳಲ್ಲಿ ತಾವೇ ಮಲಗಿ ಅಳತೆ ನೋಡಿದ ಗುಂಡಿಯಲ್ಲೇ ಅವರನ್ನು ಇಟ್ಟರು.

ಇಡುವುದನ್ನು ನಾನು ನೋಡಲಿಲ್ಲ. ಇಗರ್ಜಿಯಲ್ಲಿ ಪೂಜೆ ಮುಗಿಯುವಾಗ ಕಣ್ಣು ಕತ್ತಲೆ ಬಂದು ಬಿದ್ದೆನಂತೆ. ಎಚ್ಚರಾದಾಗ ಫಾದರರ ಮನೆಯ ಬೆಂಚಿನ ಮೇಲಿದ್ದೆ, ಮುಖಕ್ಕೆ ಯಾರೋ ಗಾಳಿ ಹಾಕುತ್ತಿದ್ದರು. ಆಮೇಲೆ ನಾಲ್ಕು ತಿಂಗಳು ಸಮಾಧಿ ಗುಡ್ಡೆಯ ಕಡೆ ತಲೆ ಹಾಕಲಿಲ್ಲ.

ಸಮಾಧಾನ ಹೇಳಲು ಬಂದವರ ಮೇಲೆಲ್ಲ ನನಗೆ ಸಿಟ್ಟು. ದೇವರಿಗೆ ಬೇಕಾದವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ ಎಂದರು ಒಬ್ಬರು. ಹಾಗಾದರೆ ನಿಮ್ಮನ್ನು ಯಾಕೆ ಇಷ್ಟು ವರ್ಷ ಬಿಟ್ಟಿದ್ದಾನೆ ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರು ತಂದ ಹಲಸಿನ ಹಪ್ಪಳ ಒಳ್ಳೆಯದಿತ್ತು ಎಂದು ಸುಮ್ಮನಾದೆ.

ಆದರೆ ಇಲ್ಲಿ ಹೇಳಬೇಕಾದ್ದು ಜಪದ ವಿಷಯ. ನಮ್ಮ ಮನೆಮಾತು ಕೊಂಕಣಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಜಪಮಾಲೆ ಹಿಡಿದು ಪ್ರಾರ್ಥನೆ ಹೇಳುವುದು ಮೊದಲಿಂದ ಬಂದ ರೂಢಿ. ಯೇಸುವಿನ ತಾಯಿ ಮರಿಯಮ್ಮನವರಿಗೆ ಹೇಳುವ ಆ ಜಪದಲ್ಲಿ ಎರಡು ಪಾಲು. ಮೊದಲ ಪಾಲು ಒಬ್ಬರು ಹೇಳಬೇಕು, ಅದು ಆಕೆಯನ್ನು ಕೊಂಡಾಡುವುದು. ಎರಡನೆಯದನ್ನು ಉಳಿದವರು ಹೇಳಿ ಮುಗಿಸಬೇಕು, ಅದು ಬೇಡಿಕೊಳ್ಳುವುದು: ಈಗಲೂ, ನಾವು ಸಾಯುವ ಗಳಿಗೆಯಲ್ಲೂ ನಮಗಾಗಿ ಪ್ರಾರ್ಥಿಸು ಎಂದು. ಮೊದಲ ಪಾಲು ಯಾವಾಗಲೂ ಅತ್ತೆಯದು. ಎರಡನೆಯದು ನನ್ನದೂ ನನ್ನ ಗಂಡನದೂ. ನಾನು ಅದನ್ನು ಕುಕ್ಕರಿನ ಸೀಟಿಗೆ ಕಿವಿಕೊಟ್ಟೇ ಹೇಳುತ್ತಿದ್ದೆ. ಸಾಯುವ ಗಳಿಗೆ ಎಂದು ಬಾಯಿ ಹೇಳುತ್ತಿತ್ತು, ತಲೆಯಲ್ಲಿ ಬೇಳೆ ಬೇಯುತ್ತಿತ್ತು.

ಅವರು ಹೋದ ಮೇಲೆ ಆ ಸಾಲು ಗಂಟಲಿನಿಂದ ಮೇಲೆ ಬರಲಿಲ್ಲ. ಅತ್ತೆ ತಮ್ಮ ಪಾಲು ಹೇಳಿ ನಿಲ್ಲಿಸುತ್ತಿದ್ದರು. ನಾನು ಬಾಯಿ ತೆರೆದರೆ ಚಾದ ಲೋಟ ಕಣ್ಣೆದುರು ಬರುತ್ತಿತ್ತು. ಆ ಮನುಷ್ಯ ದಿನವೂ ಸಂಜೆ ಆ ಗಳಿಗೆಗಾಗಿಯೇ ಬೇಡಿದ್ದರಲ್ಲ, ಗಳಿಗೆ ಬಂದಾಗ ಯಾರು ಪ್ರಾರ್ಥಿಸಿದರು? ಯೇಸುವೇ ಎನ್ನಲೂ ಪುರುಸೊತ್ತು ಸಿಗಲಿಲ್ಲ ಅವರಿಗೆ. ನಾನು ತುಟಿ ಕಚ್ಚಿ ಸುಮ್ಮನಿರುತ್ತಿದ್ದೆ. ಉಳಿದದ್ದನ್ನು ಅತ್ತೆಯೇ ಹೇಳಿ ಮುಗಿಸಬಹುದಿತ್ತು. ಮುಗಿಸುತ್ತಿರಲಿಲ್ಲ. ಸ್ವಲ್ಪ ಕಾದು, ಮುಂದಿನ ಮಣಿ ಹಿಡಿದು, ಪುನಃ ಮೊದಲ ಪಾಲು. ಪ್ರತಿ ಸಂಜೆ ಜಪವೆಲ್ಲ ಅರ್ಧಕ್ಕೇ ನಿಲ್ಲುತ್ತಿತ್ತು.

ಸೊಸೆಗೆ ಬುದ್ಧಿ ಕಲಿಸುವ ಹಟ ಇದು ಎಂದು ನಾನು ತಿಳಿದೆ. ನಾನೂ ಹಟದವಳೇ, ಬಿಡಲಿಲ್ಲ. ಆದರೆ ಒಳಗೊಳಗೇ ಹೆದರಿಕೆ. ಮನೆಯಲ್ಲಿ ಉಳಿದವರು ನಾವಿಬ್ಬರೇ. ನಮ್ಮನ್ನು ಕಟ್ಟಿದ್ದ ಮನುಷ್ಯ ಇಲ್ಲ. ಇನ್ನು ಒಟ್ಟಿಗೆ ಪ್ರಾರ್ಥಿಸುವುದೂ ಆಗದಿದ್ದರೆ ನಾವು ಒಂದೇ ಸೂರಿನಡಿ ಅನ್ನ ಬೇಯಿಸಿಕೊಳ್ಳುವ ಇಬ್ಬರು ಹೆಂಗಸರು ಅಷ್ಟೇ. ಚಿಕ್ಕಂದಿನಿಂದ ನಂಬಿಕೊಂಡು ಬಂದ ದೇವರನ್ನೂ ಮಣ್ಣಿಗೆ ಹಾಕಿ ಬಂದೆನೋ ಎಂದು ಅನಿಸುತ್ತಿತ್ತು.

ಹೀಗಿರುವಾಗ ನವೆಂಬರಿನಲ್ಲಿ ಸತ್ತವರ ದಿನ ಬಂತು. ಆ ದಿನ ಎಲ್ಲರೂ ತಮ್ಮ ತಮ್ಮವರ ಸಮಾಧಿಗೆ ಹೂವಿಟ್ಟು ಮೊಂಬತ್ತಿ ಹಚ್ಚುತ್ತಾರೆ, ಫಾದರ್ ಸಾಲುಸಾಲಾಗಿ ಬಂದು ತೀರ್ಥ ಚಿಮುಕಿಸಿ ಪ್ರಾರ್ಥಿಸುತ್ತಾರೆ. ಹೋಗದೆ ಉಪಾಯವಿರಲಿಲ್ಲ. ಪಕ್ಕದ ತೋಟದ ಮನೆಯ ಅಮ್ಮ ಬೆಳಿಗ್ಗೆಯೇ ಒಂದು ಬುಟ್ಟಿ ಸೇವಂತಿಗೆ ತಂದುಕೊಟ್ಟರು. ಅವರು ಹಿಂದೂಗಳು, ನಮ್ಮ ಹಬ್ಬ ಹರಿದಿನ ನನಗಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುವವರು. "ಅವರಿಗೆ ಸೇವಂತಿಗೆ ಇಷ್ಟವೋ ಎಂತದೋ ಗೊತ್ತಿಲ್ಲ ಟೀಚರೇ. ನಮಗಂತೂ ಕರೆಂಟು ಹೋದಾಗೆಲ್ಲ ಅವರದ್ದೇ ನೆನಪಾಗುದು," ಎಂದರು. ಅಷ್ಟು ತಿಂಗಳಲ್ಲಿ ನಾನು ಕೇಳಿದ ಸಮಾಧಾನದ ಮಾತುಗಳಲ್ಲಿ ಮನಸ್ಸಿಗೆ ಹಿಡಿಸಿದ್ದು ಅದೊಂದೇ.

ಅತ್ತೆಗೆ ಮಂಡಿನೋವು. ಫಾದರ್ ಬರುವವರೆಗೆ ಇಗರ್ಜಿಯೊಳಗೇ ಕೂರುತ್ತೇನೆ ಎಂದರು. ನಾನೊಬ್ಬಳೇ ಗುಡ್ಡೆ ಹತ್ತಿದೆ. ಸಮಾಧಿ ಎಲ್ಲಿ ಎಂದು ಯಾರನ್ನಾದರೂ ಕೇಳಲು ನಾಚಿಕೆ. ಹೆಂಡತಿಗೇ ಗೊತ್ತಿಲ್ಲವೇ ಎಂದಾರು. ಕಡೆಯ ಸಾಲಿನ ತುದಿಯಲ್ಲಿ ಎಂದು ವಾರ್ಡಿನ ಮುಖ್ಯಸ್ಥರಾದ ಗುರಿಕಾರರು ಯಾರಿಗೋ ಹೇಳುವುದನ್ನು ಒಮ್ಮೆ ಕೇಳಿದ್ದೆ. ಹುಲ್ಲು ಸವರುವಾಗ ಮರದ ಶಿಲುಬೆಗಳನ್ನೆಲ್ಲ ಕಿತ್ತು ಬಣ್ಣ ಬಳಿಯಲೆಂದು ಗೋಡೆಗೆ ಒರಗಿಸಿದ್ದರು, ಹೆಸರು ಓದುವ ಹಾಗೂ ಇಲ್ಲ. ಆದರೆ ಕಡೆಯ ಸಾಲಿನ ತುದಿಯಲ್ಲಿ ಕೆಂಪು ಮಣ್ಣಿನ ಎತ್ತರದ ರಾಶಿ ಸರಿಯಾಗಿ ಕಂಡಿತು. ಹೊಸ ಸಮಾಧಿ. ಇನ್ನು ಕೇಳುವುದೇನು?

ಕಸ ಕಡ್ಡಿ ಹೆಕ್ಕಿದೆ. ಹೂವನ್ನು ಶಿಲುಬೆಯಾಕಾರದಲ್ಲಿ ಜೋಡಿಸಿದೆ. ಮೊಂಬತ್ತಿ ಊರಿ ಹಚ್ಚಿದೆ. ಅಲ್ಲಿಯವರೆಗೆ ಗಟ್ಟಿಯಾಗಿದ್ದವಳಿಗೆ ಎಲ್ಲಿತ್ತೋ ಅಳು, ಕಟ್ಟೆ ಒಡೆದ ಹಾಗೆ ಬಂತು. ಅಕ್ಕಪಕ್ಕದವರು ನೋಡುತ್ತಾರೆಂಬ ಪರಿವೆ ಇಲ್ಲ. ಮಣ್ಣಿನ ಮೇಲೆ ಕೈಯೂರಿ ಬೈಯುತ್ತಲೇ ಹೋದೆ. "ಉದ್ದ ಸಾಕಾಯ್ತಾ? ತಂಪು ಉಂಟಾ ಈಗ? ಹೇಳಿ ಹೋಗ್ಲಿಕ್ಕೆ ಎಂತ ಆಗಿತ್ತು ನಿಮ್ಗೆ?" ಎಂದು. ಕೈಯ ಭಾರಕ್ಕೆ ಕೆಳಗೆ ಏನೋ ಲಟಕ್ಕೆಂದು ಮುರಿಯಿತು. ಒಂದು ಮೊಂಬತ್ತಿ ಕಣ್ಣೆದುರೇ ಮಣ್ಣಿನೊಳಕ್ಕೆ ಇಳಿದು ಮಾಯವಾಯಿತು.

"ಅಯ್ಯೋ ಟೀಚರೇ, ಹಿಂದೆ ಬನ್ನಿ, ಹಿಂದೆ ಬನ್ನಿ! ಅದ್ರ ಅಡಿಯಲ್ಲಿ ಎಂತದೂ ಇಲ್ಲ!" ಗುರಿಕಾರರು ಮೂರು ಸಮಾಧಿ ದಾಟಿ ಓಡಿಬಂದರು. ನನ್ನನ್ನು ಎಳೆದು ನಿಲ್ಲಿಸಿ, ಏದುಸಿರು ಬಿಡುತ್ತ, ಪಕ್ಕದಲ್ಲಿ ಮಳೆಗೆ ಮಣ್ಣು ಕುಸಿದು ನೆಲಕ್ಕೆ ಸಮನಾಗಿದ್ದ ಜಾಗ ತೋರಿಸಿದರು. "ನಿಮ್ಮವರು ಇಲ್ಲಿ ಇರುದು. ಅದು ಖಾಲಿ. ಇವರದ್ದು ಆದ ಮೇಲೆ ಮಳೆ ಸ್ವಲ್ಪ ಬಿಟ್ಟಾಗ ಇನ್ನೊಂದು ತೋಡಿ ಇಟ್ಟದ್ದು."

"ಯಾರಿಗೆ?" ಎಂದೆ ನಾನು, ಮೂಗು ಒರೆಸಿಕೊಳ್ಳುತ್ತ, ಪೆದ್ದಿಯ ಹಾಗೆ.

"ಅದು ಇನ್ನು ಗೊತ್ತಾಗ್ಬೇಕಷ್ಟೇ," ಎಂದರು ಅವರು.

ನಗು ಎಲ್ಲಿಂದ ಬಂತೋ ತಿಳಿಯದು. ಅವರೂ ನಕ್ಕರು, ಹೆದರಿಕೊಂಡೇ. ಅಷ್ಟರಲ್ಲಿ ಕೋಲೂರಿಕೊಂಡು ಬಂದ ಅತ್ತೆ ಸಂಗತಿ ತಿಳಿದು, ಹೂವನ್ನೂ ನನ್ನನ್ನೂ ನೋಡಿ, "ಎಂತ ಮಾರಾಯ್ತಿ, ನಾನು ಬದುಕಿರುವಾಗ್ಲೇ ನನಗೆ ಹೂ ಇಟ್ಟಾಯ್ತಾ?" ಎಂದರು. ಸುತ್ತ ಇದ್ದವರೆಲ್ಲ ನಕ್ಕರು. ನಾನು ಹೂ ತೆಗೆಯಲು ಬಗ್ಗಿದಾಗ ತಡೆದರು. "ಅರ್ಧ ಅಲ್ಲೇ ಇರ್ಲಿ. ಯಾರಿಗಾದ್ರೂ ಆಗ್ತದೆ."

ಫಾದರ್ ಬಂದರು. ನನ್ನ ಗಂಡನ ಸಮಾಧಿಗೆ ತೀರ್ಥ ಚಿಮುಕಿಸಿ, ಮುಂದಿನದನ್ನು ನೋಡಿ ಇದು ಯಾರದ್ದು ಎಂದು ಕೇಳಿದರು. ಗುರಿಕಾರರು ನಡೆದದ್ದನ್ನು ಹೇಳಿದರು. ಫಾದರ್ ಹುಡುಗು ಪ್ರಾಯದವರು, ನಗು ತಡೆದುಕೊಂಡು ಹೇಳಿದರು: "ಪರವಾಗಿಲ್ಲ ಟೀಚರೇ. ಯೇಸು ಎದ್ದು ಬಂದ ಮೊದಲ ಈಸ್ಟರಿನಲ್ಲೂ ಹೆಂಗಸರೇ ಸುಗಂಧ ತಗೊಂಡು ಅವರ ಖಾಲಿ ಸಮಾಧಿಗೆ ಹೋದದ್ದು." ಮತ್ತೆ ಗಂಭೀರವಾಗಿ, ಇದರೊಳಗೆ ಬರಲಿರುವವರಿಗಾಗಿ ಪ್ರಾರ್ಥಿಸೋಣ ಎಂದರು.

ಎಲ್ಲರ ನಗು ನಿಂತಿತು. ನಾನು ಸುತ್ತ ನಿಂತವರನ್ನು ನೋಡಿದೆ. ಓಡಿಬಂದ ದಣಿವಿಗೆ ಇನ್ನೂ ಎದೆ ಹಿಡಿದುಕೊಂಡಿದ್ದ ಗುರಿಕಾರರು. ಹಾಡುವವರ ಗುಂಪಿನಲ್ಲಿ ಜಗಳವಾಡಿ ನಾನು ಮಾತು ಬಿಟ್ಟಿದ್ದ ಹೆಂಗಸು. ಕೋಲಿನ ಮೇಲೆ ಭಾರ ಹಾಕಿದ ಅತ್ತೆ. ನಾನು. ನಮ್ಮಲ್ಲಿ ಯಾರದೂ ಆಗಬಹುದಾದ ಗುಂಡಿ ಅದು, ನಮ್ಮೂರ ಗಂಡಸರು ಬೆವರು ಸುರಿಸಿ ತೋಡಿ, ಒದ್ದೆಯಾಗದಂತೆ ಮುಚ್ಚಿಟ್ಟದ್ದು. ನನ್ನ ಗಂಡನೂ ಯಾರಿಗೆಂದು ತಿಳಿಯದೆಯೇ ವರ್ಷ ವರ್ಷ ತೋಡಿದ್ದರು, ಯಾರಿಗೋ ಸರಿಯಾಗಲಿ ಎಂದು ಒಳಗೆ ಮಲಗಿ ನೋಡಿದ್ದರು. ಅದನ್ನು ನಾನು ಬರೀ ಕುಚೇಷ್ಟೆ ಎಂದುಕೊಂಡಿದ್ದೆ. ಅವರಿಗೆ ಆ ಜಾಗದ ಪರಿಚಯವಿತ್ತು. ಕೊನೆಯ ಗಳಿಗೆಗೆಂದು ಅವರು ಬೇಡಿದ್ದನ್ನು ಆ ಗಳಿಗೆಯಲ್ಲೇ ಪುನಃ ಬೇಡಬೇಕಾಗಿರಲಿಲ್ಲ, ಅಷ್ಟು ವರ್ಷಗಳ ಸಂಜೆಗಳಲ್ಲಿ ಬೇಡಿ ಆಗಿತ್ತು. ದೇವರು ಕೇಳಿಸಿಕೊಂಡಿದ್ದಾನೆ ಎಂದು ನನಗೆ ಆಗ ಅನಿಸಿತು. ಎದೆಯ ಮೇಲಿನ ಚಪ್ಪಡಿ ಇಳಿಸಿದ ಹಾಗೆ ಹಗುರಾಯಿತು. ಫಾದರ್ ಮೊದಲ ಪಾಲು ಹೇಳಿ ನಿಲ್ಲಿಸಿದಾಗ ಎಲ್ಲರ ಜೊತೆ ನಾನೂ ಎರಡನೆಯದನ್ನು ಹೇಳಿದೆ.

ನಾನೇನೂ ಅಂದಿನಿಂದ ಸಂತಳಾಗಲಿಲ್ಲ. ಸಿಟ್ಟು ಈಗಲೂ ಮೂಗಿನ ತುದಿಯಲ್ಲೇ ಇದೆ. ಆದರೆ ಸಾವಾದ ಮನೆಗೆ ಹೋದರೆ ದೇವರ ಲೆಕ್ಕ ಒಪ್ಪಿಸುವುದಿಲ್ಲ, ಅಡಿಗೆಮನೆಗೆ ಹೋಗಿ ಪಾತ್ರೆ ತೊಳೆದು ಗಂಜಿ ಇಡುತ್ತೇನೆ. ಮಾತು ಬಿಟ್ಟವಳ ಜೊತೆ ಆ ಗುಡ್ಡೆ ಇಳಿಯುವಾಗಲೇ ಮಾತಾಡಿದೆ. ಜಪ ಹೇಳುವಾಗ ಗ್ಯಾಸು ಆರಿಸಿ ಕೂರುತ್ತೇನೆ.

ಆ ದಿನ ಆಟೋದಲ್ಲಿ ಮನೆಗೆ ಬಂದೆವು. ಸಂಜೆ ದೀಪ ಹಚ್ಚಿ ಕೂತೆವು. ನಾನು ಅವರು ಶುರುಮಾಡಲಿ ಎಂದು ಕಾದೆ. ಅವರು ಜಪಮಾಲೆಯನ್ನು ನನ್ನ ಮಡಿಲಿಗೆ ಹಾಕಿದರು.

"ಇವತ್ತು ನೀನು ಶುರು ಮಾಡು. ಎರಡನೇದು ನಾನು ಹೇಳ್ತೇನೆ."

"ಯಾವಾಗ್ಲೂ ನೀವಲ್ವಾ ಅತ್ತೆ ಶುರು ಮಾಡುದು?"

"ನೀನು ಸುಮ್ಮನಾದಾಗ ಉಳಿದದ್ದನ್ನು ಹೇಳ್ಬೇಕು ಅಂತ ನನಗೂ ಇತ್ತು," ಎಂದರು ಅವರು, ನನ್ನ ಕಡೆ ನೋಡದೆ. "ನನ್ನಿಂದ ಆಗ್ಲಿಲ್ಲ. ಸಾಯುವ ಮಾತು ಬರುದು ನಿನ್ನ ಪಾಲಿನಲ್ಲಿ. ನಾನು ನನ್ನದನ್ನೇ ಹಿಡ್ಕೊಂಡು ಕೂತೆ."

ನಾಲ್ಕು ತಿಂಗಳು ನಾನು ಹಟ ಎಂದುಕೊಂಡದ್ದು ಇದು. ನಮ್ಮ ಮನೆಯ ಚಾವಡಿಯಲ್ಲಿ ಒಂದೇ ಸಾಲಿಗೆ ಹೆದರಿ ಇಬ್ಬರು ಕೂತಿದ್ದೆವು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ. ಮಗ ತೀರಿದ ದಿನವೂ ಬಂದವರಿಗೆ ಕುರ್ಚಿ ಹಾಕಿಸುತ್ತ ಓಡಾಡಿದ ಹೆಂಗಸು ಅವರು. ಗಟ್ಟಿ ಜೀವ ಎಂದು ಊರೆಲ್ಲ ಹೇಳಿತ್ತು, ನಾನೂ ನಂಬಿದ್ದೆ.

ನಾನು ಮೊದಲ ಪಾಲು ಹೇಳಿ ನಿಲ್ಲಿಸಿದೆ. ಅತ್ತೆ ಎರಡನೆಯದನ್ನು ಶುರುಮಾಡಿ, ಆ ಮಾತಿನವರೆಗೆ ಬಂದು ನಿಂತರು. ಆಮೇಲೆ ಕಣ್ಣೀರು ಧಾರೆಯಾಗಿ ಇಳಿಯಿತು, ಮಗನ ಹೆಸರು ಹಿಡಿದು ಕೂಗಿ ಕೂಗಿ ಅತ್ತುಬಿಟ್ಟರು. ನಾನು ಸಮಾಧಾನ ಹೇಳಲಿಲ್ಲ. ಪಕ್ಕಕ್ಕೆ ಸರಿದು ಅವರ ಕೈ ಹಿಡಿದು ಕೂತೆ. ಎಷ್ಟೋ ಹೊತ್ತಿನ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಬಿಟ್ಟಲ್ಲಿಂದ ಹಿಡಿದು, ಅವರು ಆ ಸಾಲನ್ನು ಮುಗಿಸಿದರು.