ಕದಿರಪ್ಪ ಬರೆದ ಹನ್ನೊಂದು ದಿನ

ತಮಿಳುನಾಡಿನ ಗಡಿಯ ಸೂಳಗಿರಿ ಹತ್ತಿರದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಶಶಿಕಲಾ ಒಂಬತ್ತು ವರ್ಷದಿಂದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಅಲ್ಲಿನ ಫೈಲುಗಳೆಲ್ಲ ಸರ್ವರಿನ ಒಂದೇ ಫೋಲ್ಡರಿನಲ್ಲಿ. ಯಾರು ಬರೆದರೂ ಎಲ್ಲರಿಗೂ ಕಾಣಬೇಕು. ಆದರೆ ಯಂತ್ರಗಳಿದ್ದ ಶೆಡ್ಡಿಗೆ ನೆಟ್‌ವರ್ಕ್ ಸರಿಯಾಗಿ ಸಿಗುತ್ತಿರಲಿಲ್ಲ. ಸೂಪರ್‌ವೈಸರ್ ಕದಿರಪ್ಪ ದಿನಾ ಬಂದು ಗೊಣಗುತ್ತಿದ್ದ.

"ರಿಪೇರಿ ಪಟ್ಟಿ ಫೈಲ್ ತೆಗೆಯೋಕೇ ಕಾಲು ಗಂಟೆ ಆಯ್ತದಮ್ಮ. ಬರೆಯೋದ್ ಯಾವಾಗ?"

ಒಂದು ಬೆಳಿಗ್ಗೆ ಅವಳು ಅವನ ಲ್ಯಾಪ್‌ಟಾಪನ್ನು ಸರ್ವರಿನಿಂದ ಬಿಡಿಸಿ ಆಫ್‌ಲೈನ್ ಮಾಡಿಕೊಟ್ಟಳು. "ಇದ್ರಲ್ಲೇ ಬರೀರಿ ಅಣ್ಣ. ಸಾಯಂಕಾಲ ನಾನೇ ಆನ್‌ಲೈನ್ ಮಾಡ್ತೀನಿ, ಎಲ್ಲಾ ಸರ್ವರ್‌ಗೆ ಹೋಗ್ಬುಡ್ತದೆ."

ಸಾಯಂಕಾಲ ಕೃಷ್ಣಗಿರಿಯ ಶಾಖೆಯಿಂದ ಕರೆ ಬಂತು. ಹೋದವಳು ಮರೆತೇಬಿಟ್ಟಳು.

ಹನ್ನೆರಡನೆಯ ದಿನ ತಗಡು ಒತ್ತುವ ನಾಲ್ಕನೇ ಪ್ರೆಸ್ಸಿಗೆ ಸಿಕ್ಕಿ ಕದಿರಪ್ಪ ತೀರಿಕೊಂಡ. ಮುಂದಿನ ರಕ್ಷಣೆಯ ಬಾಗಿಲು, ಗಾರ್ಡ್, ತೆರೆದರೆ ತಾನೇ ನಿಲ್ಲಬೇಕಿದ್ದ ಯಂತ್ರ ನಿಂತಿರಲಿಲ್ಲ. ವಿಚಾರಣೆಯಲ್ಲಿ ಮ್ಯಾನೇಜರ್ ಮೂರ್ತಿ ಸರ್ವರಿನ ರಿಪೇರಿ ಪಟ್ಟಿ ತೆರೆದು ತೋರಿಸಿದ. ಅದರಲ್ಲಿ ನಾಲ್ಕನೇ ಪ್ರೆಸ್ಸಿನ ಮಾತೇ ಇರಲಿಲ್ಲ. ಕೆಟ್ಟದ್ದನ್ನು ಬರೆದು ತಿಳಿಸದ ತಪ್ಪು ಸತ್ತವನದೇ ಎಂದಾಯಿತು.

ತಿಂಗಳಾದ ಮೇಲೆ ಕದಿರಪ್ಪನ ಹೆಂಡತಿ ಪಿಳ್ಳಮ್ಮ ತಮ್ಮೂರು ಅವಲಪಲ್ಲಿಯಿಂದ ಲ್ಯಾಪ್‌ಟಾಪ್ ತಂದುಕೊಟ್ಟಳು. ಸತ್ತ ದಿನ ಅವನು ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದನಂತೆ.

ಅದನ್ನು ತೆರೆದಾಗ ಮೂಲೆಯಲ್ಲಿ 'ಆಫ್‌ಲೈನ್' ಎಂದು ಕಂಡಿತು. ಅಂದು ಸಾಯಂಕಾಲ ಮರೆತದ್ದು ಶಶಿಕಲಾಳಿಗೆ ಆಗ ನೆನಪಾಯಿತು. ನೆಟ್‌ವರ್ಕಿಗೆ ಜೋಡಿಸಿದಳು. ಒಂದೇ ಪಟ್ಟಿಗೆ ಎರಡು ಪ್ರತಿ ಇವೆ, ಯಾವುದನ್ನು ಉಳಿಸಲಿ ಎಂದು ಲ್ಯಾಪ್‌ಟಾಪ್ ಕೇಳಿತು. ಅವಳು ಅವನ ಪ್ರತಿ ತೆರೆದಳು. ಹನ್ನೊಂದು ದಿನವೂ ತಮಿಳಿನಲ್ಲಿ ಬರೆದಿದ್ದ: ನಾಲ್ಕನೇ ಪ್ರೆಸ್, ಗಾರ್ಡ್ ತೆರೆದರೂ ನಿಲ್ಲುತ್ತಿಲ್ಲ. ಕೊನೆಯ ಸಾಲು: ಮೂರ್ತಿ ಸಾರ್‌ಗೆ ಬಾಯಲ್ಲೂ ಹೇಳಿದೆ, ಬರೆದು ಹಾಕು ಅಂದರು, ಬರೆಯುತ್ತಲೇ ಇದ್ದೇನೆ, ಯಾರಾದರೂ ನೋಡಿ.

ಎರಡೂ ಇರಲಿ ಎಂದು ಒತ್ತಿದಳು. ಫೋಲ್ಡರಿನಲ್ಲಿ ಕದಿರಪ್ಪನ ಹೆಸರು ಮೂಡಿತು. ಪಕ್ಕದ ಮೇಜಿನ ಅಂಬರೀಶ್ ತನ್ನ ಪರದೆ ನೋಡಿ ಎದ್ದು ನಿಂತ. "ಅಕ್ಕಾ, ಇವ್ರು..." ಎಂದು ಆ ಹೆಸರಿನತ್ತ ಬೆರಳು ತೋರಿದ.

ಮೂರ್ತಿ ಬಂದು ಓದಿದ. ಅವನ ಮುಖ ಕಪ್ಪಿಟ್ಟಿತು. "ಅಳಿಸ್ಬುಡಮ್ಮ. ಆಫ್‌ಲೈನ್ ಮಾಡಿದ್ದು ನೀನೇ ಅಲ್ವಾ? ಇಬ್ರೂ ಸಿಕ್ಕೊಂಡು ಬೀಳ್ತೀವಿ."

"ಬಿದ್ರೆ ಬೀಳೋಣ ಸಾರ್."

ಅಂದೇ ವಿಚಾರಣಾಧಿಕಾರಿಗೆ ಹೇಳಿಕೆ ಬರೆದುಕೊಟ್ಟಳು. ಮೊದಲ ಸಾಲಿನಲ್ಲಿ ತನ್ನ ಮರೆವನ್ನೇ ಬರೆದಳು. ಕದಿರಪ್ಪನ ಮೇಲಿದ್ದ ಆರೋಪ ರದ್ದಾಯಿತು, ಮೂರ್ತಿಯ ಕೆಲಸ ಹೋಯಿತು. ಅವಳನ್ನು ಎಚ್ಚರಿಕೆ ಕೊಟ್ಟು ಉಳಿಸಿಕೊಂಡರು. ಅದು ಅವಳಿಗೆ ಶಿಕ್ಷೆಗಿಂತ ಭಾರವಾಯಿತು. ಶೆಡ್ಡಿನ ಕಡೆ ಹೋದಾಗಲೆಲ್ಲ ಬೆನ್ನ ಹಿಂದೆ ಯಾರೋ ಗೊಣಗಿದಂತೆ ಕೇಳುತ್ತಿತ್ತು.

ಒಂದು ಭಾನುವಾರ ಅವಲಪಲ್ಲಿಗೆ ಹೋಗಿ ಪಿಳ್ಳಮ್ಮನಿಗೆ ಎಲ್ಲವನ್ನೂ ಹೇಳಿದಳು.

"ಆ ಮಿಷಿನ್ ಸರಿಯಿಲ್ಲ ಅಂತ ಅವ್ರು ನಂಗೂ ಹೇಳಿದ್ರು ಕಣಮ್ಮ," ಎಂದಳು ಪಿಳ್ಳಮ್ಮ. "ಅವತ್ತು ನಾನೇ, ಹೊತ್ತಾಯ್ತು ಹೊರಡಿ ಅಂತ ಬುತ್ತಿ ಕೈಗ್ ಕೊಟ್ಟೆ."

ಶಶಿಕಲಾ ಏಳಲು ಹೋದಳು. ಪಿಳ್ಳಮ್ಮ ಅವಳ ಸೆರಗು ಹಿಡಿದು ಕೂರಿಸಿಕೊಂಡಳು.